ಏಕಚಿಹ್ನೆಯ ಅನೇಕಾರ್ಥತೆ: ಗಣಕಭಾಷೆಗಳಲ್ಲಿ ಪರಿಕರ್ಮಚಿಹ್ನೆಗಳ ವಿಚಾರ

ಊಟಕ್ಕೆ ಕುಳಿತವನು ಸೈಂಧವವನ್ನು ತರಹೇಳಿದರೆ ಉಪ್ಪನ್ನೂ, ಪ್ರಯಾಣಕ್ಕೆ ಹೊರಟವನು ಹಾಗೆಂದರೆ ಕುದುರೆಯನ್ನೂ ತರಬೇಕೆಂಬುದು ಶಾಸ್ತ್ರಪ್ರಸಿದ್ಧವಾದ ಉದಾಹರಣೆ. ಶಬ್ದವೊಂದೇ ಆದರೂ ಪ್ರಕರಣದಿಂದ ಅರ್ಥವು ನಿರ್ಣಯವಾಗುವುದು. ಗಣಕಯಂತ್ರದ ಭಾಷೆಗಳಲ್ಲಿಯೂ ಇಂತಹುದೇ ಒಂದು ವ್ಯವಸ್ಥೆಯುಂಟು. ಸಂಕಲನ, ಗುಣಾಕಾರ ಮೊದಲಾದ ಪರಿಕರ್ಮಗಳ ಚಿಹ್ನೆಗಳಿಗೆ, ಅಂದರೆ ಆಪರೇಟರುಗಳಿಗೆ, ಹೊಸ ಅರ್ಥಗಳನ್ನು ಕೊಡುವ ಈ ಕ್ರಮಕ್ಕೆ ಆಪರೇಟರ್ ಓವರ್‌ಲೋಡಿಂಗ್ ಎಂದು ಹೆಸರು. ಇದರ ಪ್ರಯೋಜನವೇನು, ಮಿತಿಯೆಲ್ಲಿ ಎಂಬುದನ್ನು ಇಲ್ಲಿ ವಿಚಾರಿಸುವೆವು.

ಚಿಹ್ನೆಯ ಅನೇಕಾರ್ಥತೆ ಹೊಸದಲ್ಲ. ೧೯೫೭ರ ಫೋರ್ಟ್ರಾನ್ ಭಾಷೆಯಲ್ಲಿಯೇ + ಎಂಬುದು ಪೂರ್ಣಾಂಕಗಳಿಗೂ ದಶಮಾಂಶಸಂಖ್ಯೆಗಳಿಗೂ ಸಮಾನವಾಗಿತ್ತು. ಯಂತ್ರದೊಳಗೆ ಮಾತ್ರ ಎರಡು ಸಂಕಲನಗಳ ಕ್ರಮವೂ ಬೇರೆ ಬೇರೆ. ಆದರೆ ಅಲ್ಲಿ ಅರ್ಥವನ್ನು ಗೊತ್ತುಮಾಡಿದವರು ಭಾಷಾಕರ್ತರು. ಈ ಅಧಿಕಾರವನ್ನು ಆಲ್ಗಾಲ್ ೬೮ ಭಾಷೆಯು ಕ್ರಮವಿಧಿಯನ್ನು ಬರೆಯುವವನಿಗೂ ಕೊಟ್ಟಿತು. ಬೆಲ್ ಪ್ರಯೋಗಾಲಯದಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರುಪ್ ಎಂಬುವರು ರಚಿಸಿ ೧೯೮೫ರಲ್ಲಿ ಹೊರತಂದ ಸಿ++ ಭಾಷೆಯಿಂದ ಇದು ಬಹುಪ್ರಚಾರಕ್ಕೆ ಬಂದಿತು.

ಸಂಕೀರ್ಣಸಂಖ್ಯೆಗಳನ್ನು ನಿರೂಪಿಸುವ ಒಂದು ಹೊಸ ವರ್ಗವನ್ನು ಕಲ್ಪಿಸಿದೆವೆಂದು ಭಾವಿಸೋಣ. ವಾಸ್ತವಭಾಗಕ್ಕೆ ವಾಸ್ತವಭಾಗವನ್ನೂ ಕಾಲ್ಪನಿಕಭಾಗಕ್ಕೆ ಕಾಲ್ಪನಿಕಭಾಗವನ್ನೂ ಕೂಡಿಸುವ ವಿಧಿಯನ್ನು + ಚಿಹ್ನೆಗೆ ಒಮ್ಮೆ ಹೇಳಿದರೆ ಸಾಕು. ಕಂಪೈಲರು ಚಿಹ್ನೆಯ ಎರಡು ಪಕ್ಕದ ಪದಗಳ ಜಾತಿಯನ್ನು ನೋಡಿ ತಕ್ಕ ವಿಧಿಯನ್ನು ಆರಿಸಿಕೊಳ್ಳುವುದು. ಇದೇ ಇಲ್ಲಿಯ ಪ್ರಕರಣ. ‘ಕೂಡು (ಅ, ಗುಣಿಸು (ಆ, ಇ))’ ಎಂದು ಬರೆಯಬೇಕಾದುದನ್ನು ‘ಅ + ಆ * ಇ’ ಎಂದು, ಗಣಿತಜ್ಞನು ಕಾಗದದ ಮೇಲೆ ಬರೆಯುವಂತೆಯೇ ಬರೆಯಬಹುದು.

ಹಾಗಾದರೆ ಯಾವ ಚಿಹ್ನೆಗೆ ಯಾವ ಅರ್ಥವನ್ನಾದರೂ ಕೊಡಬಹುದೇ ಎಂದು ಶಂಕಿಸಬಹುದು. ಇಲ್ಲಿಯೇ ಎಚ್ಚರಬೇಕು. ಅರ್ಥವು ಬದಲಾದರೂ ವ್ಯಾಕರಣವು ಬದಲಾಗದು. ಸಿ++ನಲ್ಲಿ ^ ಚಿಹ್ನೆಗೆ ಘಾತವೆಂಬ ಅರ್ಥವನ್ನು ನಮ್ಮ ವರ್ಗದ ಮಟ್ಟಿಗೆ ಕೊಟ್ಟು, ಆ ವರ್ಗದ ಸಂಖ್ಯೆಗಳಿಂದ ೧ + ೨ ^ ೩ ಎಂದು ಬರೆದೆವೆನ್ನೋಣ. ಗಣಿತಜ್ಞನು ನಿರೀಕ್ಷಿಸುವ ಫಲ ೯. ಆದರೆ ಆ ಭಾಷೆಯಲ್ಲಿ + ಚಿಹ್ನೆಗೆ ^ ಚಿಹ್ನೆಗಿಂತ ಪ್ರಾಶಸ್ತ್ಯ ಹೆಚ್ಚು. ಮೊದಲು ಸಂಕಲನವಾಗಿ ೩ರ ಘನ, ಎಂದರೆ ೨೭, ಬರುವುದು. ಕಂಪೈಲರಿನ ದೃಷ್ಟಿಯಲ್ಲಿ ಇದು ದೋಷವಲ್ಲ. ಆದಕಾರಣ ಅದು ದೋಷವೆಂದು ಹೇಳುವುದೂ ಇಲ್ಲ. ಓದುವವನು ಮಾತ್ರ ವಂಚಿತನಾಗುವನು. ಹಾಗೆಯೇ && ಚಿಹ್ನೆಯ ಎಡಪದವು ಅಸತ್ಯವಾದರೆ ಬಲಪದವನ್ನು ನೋಡದಿರುವುದು ಅದರ ಸಹಜಧರ್ಮ; ಹೊಸ ಅರ್ಥ ಕೊಟ್ಟೊಡನೆ ಈ ಧರ್ಮವು ಲೋಪವಾಗಿ, ಎರಡು ಪದಗಳಿಗೂ ಬೆಲೆ ಕಟ್ಟಲ್ಪಡುವುದು.

ಇಂತಹ ಸ್ವಾತಂತ್ರ್ಯವನ್ನು ೧೯೯೫ರ ಜಾವಾ ಭಾಷೆಯು ಬಳಕೆದಾರನಿಗೆ ಕೊಡಲಿಲ್ಲ. ಆದರೂ ಅಕ್ಷರಮಾಲೆಗಳನ್ನು ಜೋಡಿಸಲು ತಾನೇ + ಚಿಹ್ನೆಯನ್ನು ಬಳಸಿತು. ಅಲ್ಲಿ ೧ + ೨ + "ಗಜ" ಎಂದರೆ "೩ಗಜ". "ಗಜ" + ೧ + ೨ ಎಂದರೆ "ಗಜ೧೨". ನಿಷೇಧಿಸಿದವರಿಗೂ ಅನೇಕಾರ್ಥತೆಯನ್ನು ಬಿಡಲಾಗಲಿಲ್ಲವೆಂಬುದು ಗಮನಾರ್ಹ.

ಇದರಿಂದ ಸಿದ್ಧವಾಗುವುದೇನೆಂದರೆ: ಚಿಹ್ನೆಯು ಹಳೆಯದು, ಅದರೊಡನೆ ಓದುಗನ ನಿರೀಕ್ಷೆಯೂ ಹಳೆಯದು. ಹೊಸ ಅರ್ಥವು ಆ ನಿರೀಕ್ಷೆಗೆ ಅವಿರುದ್ಧವಾಗಿದ್ದರೆ ಬರಹವು ಸುಗಮವಾಗುವುದು. ವಿರುದ್ಧವಾದಲ್ಲಿ ಚಿಹ್ನೆಯ ಸಂಕ್ಷೇಪಕ್ಕಿಂತ ಸ್ಪಷ್ಟವಾದ ಒಂದು ಹೆಸರೇ ಮೇಲು.