ಹ್ಯಾರಿ ಯಾವ ದೇಶದವನು?

ಸಾಕ್ಷಿ ಕೊಟ್ಟರೂ ನಿಮ್ಮ ಮಾತನ್ನ ಎದುರಿನವರು ಒಪ್ಪಲ್ಲ.
ಯಾಕೆ?

ಇದಕ್ಕೆ ಉತ್ತರ ಹುಡುಕಿದವರು ತತ್ವಜ್ಞಾನಿ ಸ್ಟೀಫನ್ ಟೂಲ್ಮಿನ್.
1922ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು.
ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್ ಕೆಲಸ.
ಆಮೇಲೆ ಕೇಂಬ್ರಿಜ್‌ನಲ್ಲಿ ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಅವರ ಪಾಠ.

ಆಗ ತರ್ಕಶಾಸ್ತ್ರಕ್ಕೆ ಗಣಿತವೇ ಮಾದರಿ.
ಟೂಲ್ಮಿನ್ ಕೋರ್ಟಿನ ಕಡೆ ಕೈ ತೋರಿಸಿದರು.
ವಾದ ಅಂದ್ರೆ ಮೊಕದ್ದಮೆ ಇದ್ದ ಹಾಗೆ.
ದಾವೆ ಹೂಡಬೇಕು,
ಸಾಕ್ಷಿ ಒದಗಿಸಬೇಕು,
ಪಾಟೀಸವಾಲು ತಡೆದುಕೊಳ್ಳಬೇಕು.

1958ರಲ್ಲಿ ಅವರ ಪುಸ್ತಕ ಬಂತು,
'ದಿ ಯೂಸಸ್ ಆಫ್ ಆರ್ಗ್ಯುಮೆಂಟ್'.
ಅದರದ್ದೇ ಉದಾಹರಣೆ ಕೇಳಿ.

ಹ್ಯಾರಿ ಬರ್ಮುಡಾದಲ್ಲಿ ಹುಟ್ಟಿದ. ಇದು ಆಧಾರ.
ಹಾಗಾಗಿ ಅವನು ಬ್ರಿಟಿಷ್ ಪ್ರಜೆ. ಇದು ತೀರ್ಮಾನ.
ಎರಡನ್ನೂ ಜೋಡಿಸಿದ್ದು ಯಾವುದು?
ಬರ್ಮುಡಾದಲ್ಲಿ ಹುಟ್ಟಿದವರು ಸಾಮಾನ್ಯವಾಗಿ ಬ್ರಿಟಿಷ್ ಪ್ರಜೆಗಳು ಅನ್ನೋ ನಿಯಮ.
ನಾವು ಬಾಯಿಬಿಟ್ಟು ಹೇಳದೇ ಇರೋದು ಇದನ್ನೇ.
ಜಗಳ ಹುಟ್ಟೋದೂ ಇಲ್ಲೇ!

ನನಗೆ ತುಂಬಾ ಹಿಡಿಸಿದ್ದು ಮುಂದಿನ ಹೆಜ್ಜೆ.
ಹ್ಯಾರಿಯ ಅಪ್ಪ ಅಮ್ಮ ಇಬ್ಬರೂ ವಿದೇಶಿಯರಾಗಿದ್ದರೆ?
ತೀರ್ಮಾನ ಬದಲಾಗಬಹುದು.
ಟೂಲ್ಮಿನ್ ಪ್ರಕಾರ, ಒಳ್ಳೆಯ ವಾದ ಈ ಅಪವಾದಕ್ಕೂ ಜಾಗ ಇಟ್ಟಿರುತ್ತೆ.

ಬ್ರಿಟನ್ನಿನ ಎಷ್ಟೋ ತತ್ವಜ್ಞಾನಿಗಳು ಪುಸ್ತಕವನ್ನ ಮೆಚ್ಚಲಿಲ್ಲ.
ಕೈಗೆತ್ತಿಕೊಂಡವರು ಅಮೆರಿಕದಲ್ಲಿ ಚರ್ಚೆ, ಭಾಷಣ ಕಲಿಸೋ ಮೇಷ್ಟ್ರುಗಳು.
ಇವತ್ತಿಗೂ ಅಲ್ಲಿನ ವಿದ್ಯಾರ್ಥಿಗಳು
ಪ್ರಬಂಧ ಬರೆಯೋಕೆ ಈ ಚೌಕಟ್ಟನ್ನ ಕಲೀತಾರೆ.