ರಂಗದ ಮೇಲೆ ಮೋಳಿಗೆಯ ಮಾರಯ್ಯನ ಮನೆ

ಬಸವ ಜಯಂತಿ, ಶ್ರಾವಣದ ಪುರಾಣ, ಊರ ಜಾತ್ರೆ ಮುಂತಾದ ಸಂದರ್ಭಗಳಲ್ಲಿ ನಮ್ಮ ತರುಣ ತರುಣಿಯರು ಶರಣರ ಚರಿತ್ರೆಯನ್ನು ಸಂಗೀತ ನಾಟಕವಾಗಿ ಆಡುವುದು ಸಂತೋಷದ ಸಂಗತಿ. ವಚನಗಾಯನವೂ ಇಂಪಾಗಿರುತ್ತದೆ. ಆದರೆ ಪರದೆ ಸರಿದೊಡನೆ ಕಾಣುವುದೇನು? ಅರಮನೆಯ ಕಂಬಗಳು, ಜರತಾರಿ ಪೀತಾಂಬರಗಳು, ಕಣ್ಣು ಕೋರೈಸುವ ಬಣ್ಣದ ದೀಪಗಳು! ಕಟ್ಟಿಗೆ ಮಾರಿ ದಾಸೋಹ ನಡೆಸಿದ ಶರಣನು ರೇಷ್ಮೆಯುಟ್ಟು ನಿಂತರೆ, ಹಾಡು ಹೇಳುವುದನ್ನು ಉಡುಪು ಅಲ್ಲಗಳೆಯುತ್ತದೆ.

ಈ ವೈಭವದ ಪದ್ಧತಿ ವೃತ್ತಿ ಕಂಪನಿಗಳಿಂದ ಬಂದದ್ದು. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಖ್ಯಾತಿ ಪಡೆಯಿತು. ಪೌರಾಣಿಕ ನಾಟಕಕ್ಕೆ ಅದು ಶೋಭೆ. ಶರಣರ ಬಾಳಿಗೆ ಬೇಕಾದುದು ಬೇರೆ ಬಗೆಯ ಅಲಂಕಾರ. ಸಾಣೇಹಳ್ಳಿಯ ಮಠದ ಆಶ್ರಯದಲ್ಲಿ 1997ರಲ್ಲಿ ಆರಂಭವಾದ ‘ಶಿವಸಂಚಾರ’ ತಂಡವು ಊರೂರು ಸುತ್ತಿ ನಾಟಕವಾಡಿದೆ. ಸಂಚಾರಿ ರಂಗಭೂಮಿಗೆ ಹಗುರವಾದ, ಬೇಗ ಕಟ್ಟಿ ಬೇಗ ಬಿಚ್ಚುವ ಸಜ್ಜಿಕೆಯೇ ಅನುಕೂಲ. ಊರಿನ ಹವ್ಯಾಸಿಗಳಿಗೂ ಈ ಮಾತು ಒಪ್ಪುತ್ತದೆ.

ಉದಾಹರಣೆಗೆ ಮೋಳಿಗೆಯ ಮಾರಯ್ಯನ ಪ್ರಸಂಗವನ್ನು ತೆಗೆದುಕೊಳ್ಳೋಣ. ಮೋಳಿಗೆಯೆಂದರೆ ಕಟ್ಟಿಗೆಯ ಹೊರೆ. ಹುಮನಾಬಾದ್ ತಾಲೂಕಿನ ಮೊಳಕೇರಾ ಗ್ರಾಮವು ಇಂದಿಗೂ ಆತನ ನೆನಪನ್ನು ಕಾಪಾಡಿಕೊಂಡಿದೆ. ಕಾಶ್ಮೀರದ ಅರಸನಾಗಿದ್ದವನು ಪತ್ನಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಕಾಯಕ ಹಿಡಿದನೆಂಬುದು ಐತಿಹ್ಯ. ಆತನ ಬಡತನಕ್ಕೆ ಮರುಗಿದ ಬಸವಣ್ಣನವರು ಜಂಗಮವೇಷದಲ್ಲಿ ಬಂದು ಗುಟ್ಟಾಗಿ ಹೊನ್ನನ್ನು ಇಟ್ಟುಹೋಗುತ್ತಾರೆ. ಮಾರಯ್ಯನು ಅದನ್ನು ಜಂಗಮರಿಗೆ ಕೊಟ್ಟುಬಿಡುತ್ತಾನೆ. ಪಾದೋದಕ ತಾಗಿ ಕಟ್ಟಿಗೆಯೇ ಹೊನ್ನಾಯಿತೆಂದು ಕಥೆ ಮುಂದುವರಿಯುತ್ತದೆ.

ಮೊದಲು ರಂಗಸಜ್ಜಿಕೆ. ವೇದಿಕೆ 24 ಅಡಿ ಅಗಲವಿದ್ದರೆ ಗುಡಿಸಲಿಗೆ ಒಂದು ಪಕ್ಕದ 8 ಅಡಿ ಸಾಕು. ಬಿದಿರಿನ ಚೌಕಟ್ಟು, ಗೋಣಿತಟ್ಟು, ಅದರ ಮೇಲೆ ಕೆಮ್ಮಣ್ಣಿನ ಲೇಪ. ಈ ಸೀಮೆಯ ಜಂಬಿಟ್ಟಿಗೆಯ ಬಣ್ಣ ತಾನಾಗಿ ಬರುತ್ತದೆ. ಒಲೆ, ಅಂಬಲಿಯ ಗಡಿಗೆ, ಕಟ್ಟಿಗೆಯ ಹೊರೆ ಇಷ್ಟೇ ಸಾಮಗ್ರಿ. ಹೊರೆ ನಿಜವಾದದ್ದಾಗಿರಲಿ. ಭಾರ ಹೊತ್ತವನ ಕುತ್ತಿಗೆ ಸುಳ್ಳು ಹೇಳದು. ಹಾರ್ಮೋನಿಯಂ, ತಬಲಾದವರು ಇನ್ನೊಂದು ಪಕ್ಕದಲ್ಲಿ, ನಟರ ಕಣ್ಣಿಗೆ ಕಾಣುವಂತೆ ಕುಳಿತರೆ ಶ್ರುತಿ ಲಯಗಳು ತಪ್ಪುವುದಿಲ್ಲ.

ಇನ್ನು ವೇಷಭೂಷಣ. ಹುಮನಾಬಾದಿನ ಸಮೀಪದ ಜಲಸಂಗಿಯ ದೇವಾಲಯವನ್ನು ಕಲಾವಿದರು ಒಮ್ಮೆ ನೋಡಿಬರಬೇಕು. ಅಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತಿರುವ ಮದನಿಕೆಯ ಪ್ರಸಿದ್ಧ ಶಿಲ್ಪವಿದೆ. ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದವನು. ಶರಣರ ಕಾಲಕ್ಕೆ ತೀರ ಸಮೀಪದವನು. ಆ ಶಿಲ್ಪಗಳಿಂದ ನೆರಿಗೆಯ ರೀತಿಯನ್ನು ಕಲಿಯಬಹುದು. ಆಭರಣಗಳನ್ನು ಮಾತ್ರ ಅಲ್ಲಿಯೇ ಬಿಟ್ಟುಬರಬೇಕು, ಏಕೆಂದರೆ ಮಹಾದೇವಿಯು ಅವನ್ನು ತ್ಯಜಿಸಿ ಬಂದವಳು. ಕೈಮಗ್ಗದ ಒರಟು ಸೀರೆ, ಮಾರಯ್ಯನಿಗೆ ಮೊಣಕಾಲಿನ ಕೆಳಗಿಳಿಯದ ಧೋತರ, ಹೆಗಲಿಗೊಂದು ವಸ್ತ್ರ, ವಿಭೂತಿ, ಇಷ್ಟಲಿಂಗ ಇಷ್ಟು ಸಾಕು. ಅಚ್ಚ ಬಿಳುಪು ದೀಪದಡಿ ಕಣ್ಣಿಗೆ ಚುಚ್ಚುತ್ತದೆ. ಬಟ್ಟೆಯನ್ನು ಚಹಾದ ನೀರಿನಲ್ಲಿ ಅದ್ದಿ ಒಣಗಿಸಿದರೆ ಸೌಮ್ಯವಾಗುತ್ತದೆ. ಹಾಡುವವನ ಎದೆ ಹೊಟ್ಟೆಗಳಿಗೆ ಬಿಗಿತವಿರಕೂಡದು. ಅರಸುತನದ ಗಾಂಭೀರ್ಯವು ಉಡುಪಿನಲ್ಲಿರದೆ ನಡಿಗೆಯಲ್ಲಿರಲಿ.

ಬೆಳಕಿನ ವಿಷಯದಲ್ಲಿ ಹೆಚ್ಚು ವಿವೇಕ ಬೇಕು. ಮುಖಗಳ ಮೇಲೆ ಎದುರಿನಿಂದ, ಸುಮಾರು 45 ಡಿಗ್ರಿ ಓರೆಯಾಗಿ ಬೀಳುವ ತಿಳಿಬೆಳಕು ಇರಲಿ. ಒಲೆಯ ಕಟ್ಟಿಗೆಯ ಕೆಳಗೆ ಕೇಸರಿ ಬಲ್ಬು ಅಡಗಿಸಿದರೆ ಸಾಕು. ಚಪ್ಪರದಲ್ಲಿ ನಿಜವಾದ ಬೆಂಕಿ ಅಪಾಯಕಾರಿ. ಇರುಳಿಗೆ ಗಾಢ ನೀಲಿ ಬೆಳಕು ಹಾಕಿದರೆ ಕೆಂಪು ವಸ್ತ್ರ ಕಪ್ಪಾಗಿ ಕಾಣುತ್ತದೆ. ಆದ್ದರಿಂದ ಬಟ್ಟೆಯನ್ನು ದೀಪದಡಿ ಪರೀಕ್ಷಿಸಿಯೇ ಆರಿಸಬೇಕು. ವಚನದ ನಡುವೆ ದೀಪ ಬದಲಿಸಬಾರದು. ಸಾಲು ಮುಗಿದು ಸಮಕ್ಕೆ ಬಂದಾಗ ಮೆಲ್ಲನೆ ಬದಲಿಸಿದರೆ ಹಾಡಿಗೆ ಭಂಗವಾಗದು.

ಹೊನ್ನು ಕಾಣುವ ಗಳಿಗೆಯೇ ನಿಜವಾದ ಪರೀಕ್ಷೆ. ಎಲ್ಲ ದೀಪಗಳನ್ನೂ ಅದರ ಮೇಲೆ ಚೆಲ್ಲುವ ಆಸೆ ಸಹಜ. ಹಾಗೆ ಮಾಡಿದರೆ ಪ್ರೇಕ್ಷಕರ ಮನಸ್ಸಿನಲ್ಲಿ ಹೊನ್ನೇ ದೊಡ್ಡದಾಗುತ್ತದೆ. ಅದನ್ನು ಸಾಮಾನ್ಯ ಬೆಳಕಿನಲ್ಲಿಯೇ ಬಿಟ್ಟು, ದಂಪತಿಗಳ ಮುಖದ ಶಾಂತಿಯನ್ನು ಬೆಳಗಬೇಕು. ಕೊನೆಗೆ ಬಂಗಾರದ ಕಾಗದ ಸುತ್ತಿದ ಕಟ್ಟಿಗೆಯನ್ನು ತರುವುದೂ ಬೇಡ. ಅದೇ ಒರಟು ಹೊರೆಯ ಮೇಲೆ ಹೊಂಬಣ್ಣದ ಒಂದು ಕಿರಿದಾದ ಕಿರಣ ಬೀಳಲಿ, ಉಳಿದೆಲ್ಲ ದೀಪಗಳು ಇಳಿಯಲಿ.

ಆಗ ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳಿಗೂ ಅರ್ಥವಾಗುತ್ತದೆ: ಬೆಲೆ ಇದ್ದದ್ದು ಹೊನ್ನಿಗಲ್ಲ, ದುಡಿದು ತಂದ ಹೊರೆಗೆ. ಸಾವಿರಾರು ರೂಪಾಯಿ ಬಾಡಿಗೆ ತೆತ್ತು ತಂದ ಜರತಾರಿ ಈ ಮಾತನ್ನು ಹೇಳಲಾರದು. ಮುಂಬರುವ ಉತ್ಸವಗಳಲ್ಲಿ ನಮ್ಮ ತರುಣ ಸಂಘಗಳು ಈ ಸರಳ ದಾರಿಯನ್ನು ಹಿಡಿದು ನೋಡಲಿ. ತಾಯಂದಿರು ಮನೆಯ ಹಳೆಯ ಸೀರೆ, ಗಡಿಗೆಗಳನ್ನು ಕೊಟ್ಟು ಕೈಜೋಡಿಸಲಿ.