ಗಾಜಿನ ಗೋಪುರಕ್ಕೂ ಒಂದು ಜಗಲಿ ಬೇಕು

ಮುಂಬೈ–ನಾಸಿಕ್ ಹೆದ್ದಾರಿಯೂ ಘೋಡ್‌ಬಂದರ್ ರಸ್ತೆಯೂ ಕೂಡುವಲ್ಲಿ ಥಾಣೆಯ ಮಾಜಿವಾಡಾ ಇದೆ. ಹಿಂದೆ ಹಳ್ಳಿಯಾಗಿದ್ದ ಜಾಗದಲ್ಲೀಗ ಫ್ಲೈಓವರು, ಮೆಟ್ರೊ ಕಂಬಗಳು, ಗಾಜು ಹೊದ್ದ ಕಚೇರಿಗಳು. ಇನ್ನೂ ಎತ್ತರದವು ಬಂದರೆ ಬರಲಿ. ಇಲ್ಲಿಯ ಬಿಸಿಲು, ಮಳೆ, ಜನರ ರೂಢಿ ಬಲ್ಲವುಗಳಾಗಿ ಬರಲಿ.

ಮಾದರಿಗೆ ದೂರ ಹೋಗಬೇಕಿಲ್ಲ. ನವಿಮುಂಬೈಗೆ 1970ರ ದಶಕದಲ್ಲಿ ಮುಖ್ಯ ವಾಸ್ತುಶಿಲ್ಪಿಯಾಗಿದ್ದವರು ಚಾರ್ಲ್ಸ್ ಕೊರಿಯಾ. ಬೆಂಗಳೂರಿನ ವಿಶ್ವೇಶ್ವರಯ್ಯ ಕೇಂದ್ರದ ವಿನ್ಯಾಸವೂ ಅವರದೇ. ಮುಂಬೈಯ ಕಂಬಾಲಾ ಹಿಲ್‌ನಲ್ಲಿ 1983ರಲ್ಲಿ ಮುಗಿದ ಅವರ ಕಾಂಚನಜುಂಗಾ 28 ಮಹಡಿಯದು. ಮುಂಬೈಯಲ್ಲಿ ತಂಗಾಳಿ ಬರುವುದು ಪಡುವಣ ಕಡಲಿನಿಂದ. ಸಂಜೆಯ ಸುಡುಬಿಸಿಲು, ಮಳೆಗಾಲದ ಇರಚಲೂ ಅದೇ ದಿಕ್ಕಿನವು. ಹಳೆಯ ಬಂಗಲೆಗಳು ಸುತ್ತ ಜಗಲಿ ಕಟ್ಟಿ ಇದನ್ನು ನಿಭಾಯಿಸಿದ್ದವು. ಕಾಂಚನಜುಂಗಾದಲ್ಲಿ ಕೊರಿಯಾ ಆ ಜಗಲಿಯನ್ನೇ ಎರಡಂತಸ್ತಿನ ಎತ್ತರದ ಮೂಲೆತೋಟವಾಗಿಸಿ ಮೇಲೇರಿಸಿದರು.

ಅದು ವಾಸದ ಕಟ್ಟಡ, ನಿಜ. ಆದರೆ ಮಧ್ಯಾಹ್ನ ಮೂರಕ್ಕೆ ಮನೆಗಳು ಅರ್ಧ ಖಾಲಿ, ಕಚೇರಿಗಳು ಭರ್ತಿ. ನೆರಳು ಹೆಚ್ಚು ಬೇಕಾದದ್ದು ಕಚೇರಿಗೇ. 19 ಡಿಗ್ರಿ ಅಕ್ಷಾಂಶದ ಈ ಊರಲ್ಲಿ ಮೇ ತಿಂಗಳ ನಡುಹಗಲು ಸೂರ್ಯ ನೆತ್ತಿಯ ಮೇಲಿರುತ್ತಾನೆ. ಆಗ ಕಿಟಕಿಗೆ ಸಣ್ಣ ಸಜ್ಜಾ ಸಾಕು. ಇಳಿಹೊತ್ತಿನ ಓರೆಬಿಸಿಲು ಸಜ್ಜಾದ ಕೆಳಗಿನಿಂದ ನುಗ್ಗುತ್ತದೆ. ಅದಕ್ಕೆ ನಿಲುವು ಪಟ್ಟಿಗಳು ಬೇಕು, ಇಲ್ಲವೇ ಗೋಡೆಯನ್ನೇ ಒಳಸರಿಸಬೇಕು. ಲಿಫ್ಟು, ಮೆಟ್ಟಿಲು, ಶೌಚಾಲಯಗಳನ್ನು ಪಡುವಣಕ್ಕೆ ಸಾಲಾಗಿ ಇಟ್ಟರೆ ಅವೇ ಗುರಾಣಿ. ಇದಾವುದೂ ಇಲ್ಲದ ಗಾಜಿನ ಪೆಟ್ಟಿಗೆಯಲ್ಲಿ ಪರದೆ ಇಳಿಸಿ, ಹಗಲಲ್ಲೇ ದೀಪ ಹಾಕಿ, ಎಸಿ ಏರಿಸುತ್ತಾರೆ. ಬೆಳಕಿಗೆಂದು ಹಾಕಿದ ಗಾಜಿಗೆ ಏನು ಅರ್ಥ ಉಳಿಯಿತು?

ಜನರ ರೂಢಿಗೂ ನಕ್ಷೆಯಲ್ಲಿ ಜಾಗ ಬೇಕು. ಮನೆಯ ಡಬ್ಬಿಯನ್ನು ನಾಲ್ಕು ಜನ ಹಂಚಿಕೊಂಡು ಉಣ್ಣುವುದು ಇಲ್ಲಿಯ ಕಚೇರಿಗಳ ಜೀವಾಳ. ಅದಕ್ಕೆ ಗಾಳಿಯಾಡುವ ತಾಣ ಬೇಕು, ನೆಲಮಾಳಿಗೆಯ ಕ್ಯಾಂಟೀನು ಸಾಲದು. ಮಹಾರಾಷ್ಟ್ರದ ಕಚೇರಿಗಳಲ್ಲಿ ಸತ್ಯನಾರಾಯಣ ಪೂಜೆ ಸಾಮಾನ್ಯ. ಊದುಬತ್ತಿಯ ಹೊಗೆಗೆ ಬೆಂಕಿಯ ಎಚ್ಚರಿಕೆ ಗಂಟೆ ಮೊಳಗದಂತೆ ತೆರೆದ ಅಂಗಳವೊಂದನ್ನು ಮೊದಲೇ ಯೋಚಿಸಬಹುದಲ್ಲ! ಎತ್ತರದ ಕಟ್ಟಡಗಳಲ್ಲಿ ಬೆಂಕಿ ಬಿದ್ದಾಗ ಜನ ನಿಲ್ಲಲೆಂದು ಬಿಡುವ ಕಡ್ಡಾಯದ ಜಾಗಕ್ಕೆ ಮಾತ್ರ ಯಾರೂ ಕೈ ಹಾಕಬಾರದು. ಅದು ಖಾಲಿಯೇ ಇರಬೇಕು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಬುಡದ ಮಹಡಿ. ಅಮೃತಶಿಲೆಯ ಲಾಬಿಯ ಹೊರಗೆ ಕಾವಲುಗಾರರು, ಚಾಲಕರು, ಕೊರಿಯರ್ ಹುಡುಗರು ಜುಲೈ ಮಳೆಯಲ್ಲಿ ನೆನೆಯುತ್ತ ನಿಲ್ಲುತ್ತಾರೆ. ರಸ್ತೆಯ ಅಂಚಿಗೆ ಅಗಲವಾದ ಮಾಡು, ಕೂರಲು ಕಟ್ಟೆ, ಕುಡಿಯುವ ನೀರು, ಮೆಟ್ರೊ ನಿಲ್ದಾಣದಿಂದ ಬಾಗಿಲವರೆಗೆ ನೆನೆಯದೆ ನಡೆಯುವ ದಾರಿ: ಇಷ್ಟನ್ನು ಪಾಲಿಕೆ ನಕ್ಷೆಗೆ ಒಪ್ಪಿಗೆ ಕೊಡುವ ಮೊದಲೇ ಕೇಳಬೇಕು.